ಬಲಿಪೀಠದ ಪಕ್ಕ ಬಾವುಟ: ಕ್ರೈಸ್ತ ಆರಾಧನೆಯಲ್ಲಿ ದೇಶಭಕ್ತಿಗೆ ಜಾಗ ಎಲ್ಲಿ?

ಆಗಸ್ಟ್ 15 ಕಥೋಲಿಕ ಕ್ರೈಸ್ತರಿಗೆ ಜೋಡಿ ಹಬ್ಬ. ಯೇಸುವಿನ ತಾಯಿ ಮರಿಯಮ್ಮನವರು ಆತ್ಮ, ಶರೀರ ಎರಡರ ಸಮೇತ ಸ್ವರ್ಗ ಸೇರಿದರೆಂದು ನೆನೆಯುವ ದಿನವೂ ಅದೇ, ನಮ್ಮ ಸ್ವಾತಂತ್ರ್ಯ ದಿನವೂ ಅದೇ. ಮೊದಲನೆಯದಕ್ಕೆ ಸಾವಿರದ ನಾನೂರು ವರ್ಷಗಳ ಇತಿಹಾಸವಿದೆ, ಎರಡನೆಯದು 1947ರದು. ಮಂಗಳೂರು, ಬೆಂಗಳೂರು, ಮೈಸೂರು ಕಡೆಯ ಚರ್ಚುಗಳಲ್ಲಿ ಅವತ್ತು ಬಲಿಪೂಜೆಯೂ ಇರುತ್ತದೆ, ಅಂಗಳದಲ್ಲೋ ಪಕ್ಕದ ಶಾಲೆಯ ಮೈದಾನದಲ್ಲೋ ಧ್ವಜಾರೋಹಣವೂ ಇರುತ್ತದೆ. ಹಬ್ಬದ ಬಟ್ಟೆ ಉಟ್ಟು ಪೂಜೆಗೆ ಬಂದವರೇ ಬಾವುಟಕ್ಕೂ ವಂದಿಸುತ್ತಾರೆ, ಮಕ್ಕಳಿಗೆ ಮಿಠಾಯಿ ಸಿಗುತ್ತದೆ. ಇದರಲ್ಲಿ ಯಾರಿಗೂ ತೊಡಕು ಕಾಣುವುದಿಲ್ಲ.

ತೊಡಕು ಕಾಣದಿರಲು ಒಂದು ಕಾರಣ ಧ್ವಜಸ್ತಂಭ ನೆಟ್ಟಿರುವ ಜಾಗ. ಅದು ಹೊರಗಿದೆ. ಅದೇ ಬಾವುಟವನ್ನು ಒಳಗೆ ತಂದು ಬಲಿಪೀಠದ ಪಕ್ಕ ನಿಲ್ಲಿಸಿದರೆ? ಪೂಜೆಯ ನಡುವೆ ದೇಶಭಕ್ತಿ ಗೀತೆ ಹಾಡಿಸಿದರೆ? ಗಡಿಯಲ್ಲಿ ಗೆದ್ದ ಸೇನೆಯ ವಿಜಯವನ್ನು ಪಾದ್ರಿ ತಮ್ಮ ಪ್ರಸಂಗದಲ್ಲಿ, ಅಂದರೆ ಉಪದೇಶದಲ್ಲಿ, ದೇವರ ವಿಜಯವೆಂದೇ ಕರೆದರೆ? ಜಗತ್ತಿನ ಹಲವು ಕಡೆ ಇದೆಲ್ಲ ನಡೆದಿದೆ, ಈಗಲೂ ನಡೆಯುತ್ತಿದೆ. ಕ್ರೈಸ್ತರು ತಮ್ಮತಮ್ಮಲ್ಲೇ ಇದರ ಬಗ್ಗೆ ಜಗಳವಾಡುತ್ತಲೂ ಬಂದಿದ್ದಾರೆ. ಕ್ರೈಸ್ತನೊಬ್ಬ ತನ್ನ ದೇಶವನ್ನು ಪ್ರೀತಿಸಬಹುದೇ ಎಂಬುದು ಈ ಜಗಳದ ವಿಷಯವಲ್ಲ. ಅದನ್ನು ಬೇಡವೆಂದವರು ಬಹಳ ಕಡಿಮೆ. ಆರಾಧನೆಯ ಒಂದು ಗಂಟೆಯಲ್ಲಿ ಆ ಪ್ರೀತಿ ಎಲ್ಲಿ ಕೂರಬೇಕು ಎಂಬುದು ವಿಷಯ. ಮನೆಗೆ ಬಂದ ನೆಂಟರನ್ನು ಪಡಸಾಲೆಯಲ್ಲಿ ಕೂರಿಸಿ ಉಪಚರಿಸುವುದು ಬೇರೆ, ದೇವರ ಮನೆಯ ಪೀಠದ ಮೇಲೆ ಕೂರಿಸುವುದು ಬೇರೆ.

ಆಗಸ್ಟ್ 15ರ ಸಂಗಮ ನಮಗೊಬ್ಬರಿಗೇ ಸಿಕ್ಕಿದ್ದೆಂದುಕೊಳ್ಳಬೇಡಿ. ಫ್ರಾನ್ಸಿನ ದೊರೆ 13ನೇ ಲೂಯಿ 1638ರಲ್ಲಿ ತನ್ನ ರಾಜ್ಯವನ್ನೇ ಮರಿಯಮ್ಮನಿಗೆ ಅರ್ಪಿಸಿ, ಪ್ರತಿ ಆಗಸ್ಟ್ 15ಕ್ಕೆ ಮೆರವಣಿಗೆ ಮಾಡಬೇಕೆಂದು ವಿಧಿಸಿದ. ನೆಪೋಲಿಯನ್ ಹುಟ್ಟಿದ್ದೂ ಅದೇ ತಾರೀಖು. ಚಕ್ರವರ್ತಿಯಾದ ಮೇಲೆ ಆ ದಿನವನ್ನು ‘ಸಂತ ನೆಪೋಲಿಯನ್’ ಹಬ್ಬವೆಂದು ಸಾರಿಸಿಕೊಂಡ. ಅಂಥ ಸಂತನೊಬ್ಬನನ್ನು ಹಳೆಯ ಕಡತಗಳಿಂದ ಹುಡುಕಿ ತೆಗೆಯುವುದಕ್ಕೆ ಪಾಪ, ಚರ್ಚಿನವರು ಸಾಕಷ್ಟು ಒದ್ದಾಡಬೇಕಾಯಿತು. ಪೋಲೆಂಡಿನವರು 1920ರಲ್ಲಿ ಸೋವಿಯತ್ ಸೇನೆಯನ್ನು ವಾರ್ಸಾ ಬಾಗಿಲಲ್ಲಿ ತಡೆದ ನೆನಪಿಗೆ ಅದೇ ದಿನ ಸೇನಾ ದಿನ ಆಚರಿಸುತ್ತಾರೆ. ಕೊರಿಯಾಕ್ಕೆ ಜಪಾನಿನಿಂದ ಬಿಡುಗಡೆ ಸಿಕ್ಕಿದ್ದೂ 1945ರ ಆಗಸ್ಟ್ 15ರಂದು. ಒಂದೇ ಪೂಜೆ, ಒಂದೇ ವಾಚನ, ಬಾವುಟ ಮಾತ್ರ ಊರಿಗೊಂದು.

ಚಿಟಿಕೆ ಧೂಪ

ಜಗಳದ ಬೇರು ರೋಮ್ ಸಾಮ್ರಾಜ್ಯದಲ್ಲಿದೆ. ಈಗಿನ ಟರ್ಕಿಯ ಉತ್ತರ ಭಾಗದಲ್ಲಿ ರಾಜ್ಯಪಾಲನಾಗಿದ್ದ ಪ್ಲಿನಿ ಎಂಬಾತ ಸುಮಾರು ಕ್ರಿ.ಶ. 112ರಲ್ಲಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಕ್ರೈಸ್ತರೆಂಬ ಆರೋಪದ ಮೇಲೆ ಹಿಡಿದು ತಂದವರನ್ನು ತಾನು ಹೇಗೆ ಪರೀಕ್ಷಿಸುತ್ತೇನೆಂದು ಅದರಲ್ಲಿ ವಿವರಿಸಿದ್ದಾನೆ. ಚಕ್ರವರ್ತಿಯ ವಿಗ್ರಹದ ಮುಂದೆ ಧೂಪ ಹಾಕಿ ದ್ರಾಕ್ಷಾರಸ ಸುರಿದು, ಕ್ರಿಸ್ತನನ್ನು ಶಪಿಸಿದರೆ ಬಿಡುಗಡೆ. ಹಟ ಹಿಡಿದರೆ ಶಿಕ್ಷೆ. ರೋಮನರ ಕಣ್ಣಿಗೆ ಇದು ದೇವರ ಪ್ರಶ್ನೆ ಅನ್ನುವುದಕ್ಕಿಂತ ನಿಷ್ಠೆಯ ಪ್ರಶ್ನೆ. ನಿನ್ನ ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಬೇಕು, ಎಲ್ಲರೂ ಹಾಕುವ ಚಿಟಿಕೆ ಧೂಪ ನೀನೂ ಹಾಕಿ ಮನೆಗೆ ಹೋಗು ಎಂಬ ಧೋರಣೆ. ಕ್ರೈಸ್ತರಲ್ಲಿ ಅನೇಕರು ಹಾಕಿದರು. ಹಾಕದವರ ಹೆಸರನ್ನು ಚರ್ಚು ಇಂದಿಗೂ ನೆನೆಯುತ್ತದೆ.

ಈ ಕಥೆಯ ಇನ್ನೊಂದು ಅರ್ಧವನ್ನು ಹೇಳುವವರು ಕಡಿಮೆ. ಧೂಪ ಹಾಕಲು ಒಲ್ಲದ ಅದೇ ಜನ ತಮ್ಮ ಕೂಟಗಳಲ್ಲಿ ಚಕ್ರವರ್ತಿಗಾಗಿ ಪ್ರಾರ್ಥಿಸುತ್ತಿದ್ದರು. ಅರಸರಿಗಾಗಿ, ಅಧಿಕಾರದಲ್ಲಿರುವವರೆಲ್ಲರಿಗಾಗಿ ಪ್ರಾರ್ಥನೆ ಮಾಡಬೇಕೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯ ಹೇಳುತ್ತದೆ. ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಕ್ರಿ.ಶ. 197ರ ಸುಮಾರಿಗೆ ರೋಮನ್ ಅಧಿಕಾರಿಗಳಿಗೆ ಇದನ್ನೇ ವಾದವಾಗಿ ಮುಂದಿಟ್ಟ. ಚಕ್ರವರ್ತಿಗೆ ದೀರ್ಘಾಯುಸ್ಸು, ಭದ್ರವಾದ ಆಳ್ವಿಕೆ, ಧೀರ ಸೇನೆ, ಶಾಂತವಾದ ಜಗತ್ತು, ಇಷ್ಟನ್ನೂ ನಾವು ನಮ್ಮ ದೇವರಲ್ಲಿ ಬೇಡುತ್ತೇವೆ. ಚಕ್ರವರ್ತಿಯನ್ನೇ ದೇವರೆನ್ನುವುದು ಮಾತ್ರ ನಮ್ಮಿಂದಾಗದು ಎಂಬುದು ಅವನ ಮಾತಿನ ಸಾರ.

ಅದಕ್ಕೂ ಹಳೆಯ ಮಾದರಿ ಯೆಹೂದಿಗಳ ಗ್ರಂಥದಲ್ಲಿದೆ. ಬಾಬಿಲೋನಿನವರು ಯೆರೂಸಲೇಮಿಗೆ ಮುತ್ತಿಗೆ ಹಾಕಿ ಜನರನ್ನು ಸೆರೆಯಾಗಿ ಒಯ್ದಾಗ, ಪ್ರವಾದಿ ಯೆರೆಮೀಯ ಆ ಸೆರೆಯವರಿಗೆ ಪತ್ರ ಬರೆದು, ನಿಮ್ಮನ್ನು ಒಯ್ದಿರುವ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದ. ಇಷ್ಟಾದ ಮೇಲೆ ‘ನಮ್ಮ ದೇಶಕ್ಕಾಗಿ ಪ್ರಾರ್ಥಿಸಬಹುದೇ’ ಎಂದು ಯಾರಾದರೂ ಕೇಳಿದರೆ ನಗು ಬರಬೇಕು. ಹಗೆಯ ಊರಿಗಾಗಿಯೇ ಪ್ರಾರ್ಥಿಸಬೇಕಾದವರಿಗೆ ಸ್ವಂತ ಊರು ಹೆಚ್ಚೇ?

ಹೀಗೆ ಮೊದಲ ಮೂರು ಶತಮಾನಗಳಲ್ಲೇ ಒಂದು ಗೆರೆ ಬಿತ್ತು. ದೇಶಕ್ಕಾಗಿ ದೇವರನ್ನು ಬೇಡುವುದು ಆರಾಧನೆಯ ಭಾಗ. ದೇಶಕ್ಕೆ ನಿಷ್ಠೆ ತೋರಿಸುವುದು ಪ್ರಜೆಯ ಕೆಲಸ, ಅದರ ಜಾಗ ಹೊರಗೆ. ಕಾಗದದ ಮೇಲೆ ಸ್ಪಷ್ಟವಾಗಿ ಕಾಣುವ ಈ ಗೆರೆ 4ನೇ ಶತಮಾನದಲ್ಲಿ ಚಕ್ರವರ್ತಿಯೇ ಕ್ರೈಸ್ತನಾದ ಮೇಲೆ ಮಸುಕಾಯಿತು. ಅವನೀಗ ಧೂಪ ಕೇಳುತ್ತಿರಲಿಲ್ಲ. ಚರ್ಚಿನ ಮುಂದಿನ ಸಾಲಿನಲ್ಲಿ ಕೂತಿದ್ದ.

ದೊರೆಯ ಹೆಸರಿನ ಪ್ರಾರ್ಥನೆ

ಇಂಗ್ಲೆಂಡಿನ ಚರ್ಚು ಈ ಸಂಬಂಧವನ್ನು ಪ್ರಾರ್ಥನಾ ಪುಸ್ತಕದೊಳಗೇ ಹೆಣೆಯಿತು. 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ ದೊರೆಗಾಗಿ ಇರುವ ಪ್ರಾರ್ಥನೆ, ಅವನು ತನ್ನ ವೈರಿಗಳನ್ನೆಲ್ಲ ಗೆದ್ದು ಜಯಿಸುವಂತೆ ಬಲ ಕೊಡು ಎಂದು ದೇವರನ್ನು ಕೇಳುತ್ತದೆ. ಈ ಪುಸ್ತಕ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಗಳ ಚೀಲದಲ್ಲಿ ಭಾರತಕ್ಕೂ ಬಂತು. ದಂಡು ಪ್ರದೇಶದ ಚರ್ಚುಗಳಲ್ಲಿ ಸೈನಿಕರು ಪ್ರತಿ ಭಾನುವಾರ ಸಾಲಾಗಿ ಬಂದು ಇದೇ ಪ್ರಾರ್ಥನೆಗೆ ಆಮೆನ್ ಹೇಳಿದರು. ಬೆಂಗಳೂರು ದಂಡಿನ ಹಳೆಯ ಆಂಗ್ಲಿಕನ್ ಚರ್ಚುಗಳ ಗೋಡೆಗಳಲ್ಲಿ ಯುದ್ಧದಲ್ಲಿ ಸತ್ತ ಅಧಿಕಾರಿಗಳ ಕಲ್ಲಿನ ಫಲಕಗಳನ್ನು ಈಗಲೂ ಓದಬಹುದು. 1857ರ ಮೇ 10ರ ಭಾನುವಾರ ಸಂಜೆ, ಬ್ರಿಟಿಷರು ಚರ್ಚಿಗೆ ಹೊರಡುವ ಹೊತ್ತಿಗೆ ಮೀರತ್‌ನಲ್ಲಿ ದಂಗೆ ಎದ್ದದ್ದರಿಂದ, ಆಮೇಲೆ ಸೈನಿಕರು ಕೋವಿ ಹಿಡಿದೇ ಆರಾಧನೆಗೆ ಬರುವ ಪದ್ಧತಿ ಶುರುವಾಯಿತು. ಉತ್ತರ ಭಾರತದ ಕೆಲವು ದಂಡಿನ ಚರ್ಚುಗಳ ಬೆಂಚುಗಳಲ್ಲಿ ಕೋವಿ ಒರಗಿಸಲು ಕೊರೆದ ಕಚ್ಚುಗಳಿವೆ. ಅಲ್ಲಿ ಕೂತ ಭಾರತೀಯ ಕ್ರೈಸ್ತನಿಗೆ ದೊರೆಯ ‘ವೈರಿ’ ಯಾರೆಂದು ತಿಳಿಯದೇ ಇದ್ದೀತೇ?

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದ ಆರು ವಾರಕ್ಕೆ, ಆಂಗ್ಲಿಕನರೂ ಇತರ ಪ್ರಾಟೆಸ್ಟೆಂಟರೂ ಒಂದಾಗಿ ಕಟ್ಟಿದ ಚರ್ಚ್ ಆಫ್ ಸೌತ್ ಇಂಡಿಯಾ ಮದ್ರಾಸಿನಲ್ಲಿ ಹುಟ್ಟಿತು. ದೊರೆಯ ಹೆಸರಿದ್ದ ಜಾಗಕ್ಕೆ ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು ಬಂದರು. ಪ್ರಾರ್ಥನೆ ಉಳಿಯಿತು, ಕುರ್ಚಿಯಲ್ಲಿದ್ದವರು ಬದಲಾದರು. ನನಗೆ ಇದು ಅವಕಾಶವಾದವೆಂದು ಅನ್ನಿಸುವುದಿಲ್ಲ. ಆಳುವವರು ಯಾರೇ ಆಗಲಿ ಅವರಿಗಾಗಿ ಬೇಡಬೇಕೆಂಬ ವಿಧಿ ಕೆಲಸ ಮಾಡುವುದೇ ಹಾಗೆ: ಹೆಸರು ಬದಲಾಗಬಹುದಾದ ಖಾಲಿ ಜಾಗವೊಂದು ಅದರಲ್ಲಿ ಇರಬೇಕು.

ಬಾಸೆಲ್ ಮಿಶನ್ನಿನ ಸಭೆಗಳದ್ದು ಇನ್ನೂ ವಿಚಿತ್ರವಾದ ಅನುಭವ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಬಹುಪಾಲು ಜರ್ಮನ್ ಮಿಶನರಿಗಳಿಂದ ನಡೆದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂದು, ಧಾರವಾಡ, ಹುಬ್ಬಳ್ಳಿಗಳವರೆಗೆ ಹರಡಿತ್ತು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹತ್ತಿಕೊಂಡಾಗ ಬ್ರಿಟಿಷ್ ಸರಕಾರಕ್ಕೆ ಈ ಜರ್ಮನರು ಶತ್ರುದೇಶದವರಾದರು. ಅವರನ್ನು ಹಿಡಿದು ಶಿಬಿರಗಳಲ್ಲಿಟ್ಟು ಆಮೇಲೆ ದೇಶದಿಂದ ಹೊರಗೆ ಕಳಿಸಿತು, ಮಿಶನ್ನಿನ ಹಂಚಿನ ಕಾರ್ಖಾನೆ, ನೇಯ್ಗೆ ಮಗ್ಗಗಳು ಕೈಬದಲಾದವು. ಕನ್ನಡದಲ್ಲಿ ಹಾಡಿ ಕನ್ನಡದಲ್ಲಿ ಪ್ರಾರ್ಥಿಸುತ್ತಿದ್ದ ಇಲ್ಲಿಯ ಸಭೆಗೆ ಜರ್ಮನಿಯೂ ತನ್ನದಲ್ಲ, ಬ್ರಿಟನ್ನೂ ತನ್ನದಲ್ಲ. ಆದರೂ ಆ ಎರಡರ ಜಗಳದಲ್ಲಿ ಸಭಾಪಾಲಕರನ್ನು ಕಳೆದುಕೊಂಡದ್ದು ಅದೇ ಸಭೆ.

ಅಮೆರಿಕದಲ್ಲಿ ಬಾವುಟ ಒಳಗೆ ಬಂದ ಬಗೆ

ಅಮೆರಿಕದ ಎಷ್ಟೋ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ವೇದಿಕೆಯ ಒಂದು ಬದಿಗೆ ರಾಷ್ಟ್ರಧ್ವಜ, ಇನ್ನೊಂದು ಬದಿಗೆ ನೀಲಿ ಚೌಕದಲ್ಲಿ ಕೆಂಪು ಶಿಲುಬೆಯಿರುವ ಬಿಳಿಯ ‘ಕ್ರೈಸ್ತ ಧ್ವಜ’ ನಿಂತಿರುತ್ತವೆ. ಇದು ಆ ದೇಶದಷ್ಟೇ ಹಳೆಯ ಸಂಪ್ರದಾಯ ಎಂದು ಅಲ್ಲಿನವರೇ ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ಕ್ರೈಸ್ತ ಧ್ವಜದ ಕಲ್ಪನೆ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಭಾನುವಾರದ ಶಾಲೆಯಲ್ಲಿ 1897ರಲ್ಲಿ ಹುಟ್ಟಿದ್ದು. ರಾಷ್ಟ್ರಧ್ವಜ ದೊಡ್ಡ ಸಂಖ್ಯೆಯಲ್ಲಿ ಚರ್ಚಿನ ಒಳಗೆ ಬಂದದ್ದು ಎರಡು ಮಹಾಯುದ್ಧಗಳ ಕಾಲದಲ್ಲಿ.

ಹೇಗೆ ಬಂತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಅಲ್ಲಿದ್ದ ಜರ್ಮನ್ ಮೂಲದ ಲೂಥರನ್ ಸಭೆಗಳು ಜರ್ಮನ್ ಭಾಷೆಯಲ್ಲಿ ಆರಾಧನೆ ನಡೆಸುತ್ತಿದ್ದವು. ನೆರೆಹೊರೆಯವರು ಅವರನ್ನು ಗೂಢಚಾರರಂತೆ ನೋಡತೊಡಗಿದರು. ಯುದ್ಧವನ್ನೇ ಒಪ್ಪದ ಮೆನೊನೈಟ್ ಪಂಥದವರ ಪ್ರಾರ್ಥನಾ ಮಂದಿರಗಳಿಗೆ ಹೇಡಿತನದ ಗುರುತಾಗಿ ಹಳದಿ ಬಣ್ಣ ಬಳಿದರು, ಕೆಲವನ್ನು ಸುಟ್ಟರು. ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ 1918ರ ಮೇ 23ರಂದು ಹೊರಡಿಸಿದ ಆಜ್ಞೆ, ಶಾಲೆ, ರೈಲು, ದೂರವಾಣಿಗಳ ಜೊತೆಗೆ ಚರ್ಚಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದೆಂದಿತು. ತಾಯಿನುಡಿಯಲ್ಲಿ ದೇವರ ಹತ್ತಿರ ಮಾತಾಡುವುದೇ ಅಪರಾಧ! ಇಂಥ ವಾತಾವರಣದಲ್ಲಿ ಅಂಜಿದ ಸಭೆಗಳು ಬಾವುಟ ತಂದು ಎಲ್ಲರಿಗೂ ಕಾಣುವ ಕಡೆ ನಿಲ್ಲಿಸಿದವು. ಕೆಲವು ಚರ್ಚುಗಳಿಗೆ ಅದು ಉಕ್ಕಿ ಬಂದ ಅಭಿಮಾನ, ಇನ್ನು ಕೆಲವಕ್ಕೆ ಜೀವ ಉಳಿಸಿಕೊಳ್ಳುವ ಉಪಾಯ. ಒಮ್ಮೆ ಒಳಗೆ ಬಂದ ಬಾವುಟವನ್ನು ಹೊರಗೆ ಒಯ್ಯುವುದು ಮಾತ್ರ ಸುಲಭವಲ್ಲ. ತಂದಾಗ ಯಾರೂ ಕಾರಣ ಕೇಳಿರಲಿಲ್ಲ. ತೆಗೆಯಲು ಹೊರಟ ಪಾದ್ರಿಗೆ ಎಲ್ಲರೂ ಕಾರಣ ಕೇಳುತ್ತಾರೆ, ಕೆಲಸ ಹೋದರೂ ಹೋದೀತು.

1942ರ ಧ್ವಜ ಸಂಹಿತೆ ಚರ್ಚನ್ನೂ ಹೆಸರಿಸಿ, ಸಭೆಯತ್ತ ಮುಖ ಮಾಡಿ ನಿಂತ ಪಾದ್ರಿಯ ಬಲಗಡೆಗೆ ರಾಷ್ಟ್ರಧ್ವಜ ಇರಬೇಕೆಂದಿತು. ಬಲಗಡೆ ಗೌರವದ ಸ್ಥಾನ. ಅದೇ ಸಂಹಿತೆಯಲ್ಲಿ ಒಂದು ಸ್ವಾರಸ್ಯಕರ ವಿನಾಯಿತಿಯೂ ಇದೆ: ಸಮುದ್ರದಲ್ಲಿರುವ ಯುದ್ಧನೌಕೆಯಲ್ಲಿ ನೌಕಾಪಡೆಯ ಪಾದ್ರಿ ಆರಾಧನೆ ನಡೆಸುವಷ್ಟು ಹೊತ್ತು, ಶಿಲುಬೆಯ ಗುರುತಿನ ಚರ್ಚಿನ ಪತಾಕೆ ರಾಷ್ಟ್ರಧ್ವಜಕ್ಕಿಂತ ಮೇಲೆ ಹಾರಬಹುದು. ನೆಲದ ಮೇಲಿನ ಚರ್ಚುಗಳು ಮರೆತ ವಿನಯ ಯುದ್ಧನೌಕೆಯಲ್ಲಿ ಉಳಿದುಕೊಂಡಿದೆ.

ಕಥೋಲಿಕರ ರೀತಿ ಬೇರೆ. ಚರ್ಚಿನಲ್ಲಿ ಬಾವುಟ ಇಡಬಾರದೆಂಬ ಕಟ್ಟುನಿಟ್ಟಿನ ನಿಯಮ ಅವರಲ್ಲಿ ಇಲ್ಲ; ಆದರೆ ಅಮೆರಿಕದ ಧರ್ಮಾಧ್ಯಕ್ಷರ ಆರಾಧನಾ ಸಮಿತಿ, ಬಲಿಪೀಠದ ಆವರಣದಲ್ಲಿ ಬೇಡ, ಇಡುವುದಿದ್ದರೆ ಅದರಾಚೆಗೋ ಬಾಗಿಲ ಬಳಿಯ ಮೊಗಸಾಲೆಯಲ್ಲೋ ಇಡಿ ಎಂದು ಪಾದ್ರಿಗಳಿಗೆ ಸಲಹೆ ಕೊಟ್ಟಿದೆ. ಸೈನಿಕರ ಅಂತ್ಯಸಂಸ್ಕಾರದಲ್ಲಿ ಇದರ ತರ್ಕ ಇನ್ನೂ ಸ್ಪಷ್ಟ. ಧ್ವಜ ಹೊದಿಸಿದ ಶವಪೆಟ್ಟಿಗೆ ಚರ್ಚಿನ ಬಾಗಿಲಿಗೆ ಬಂದಾಗ ಧ್ವಜವನ್ನು ತೆಗೆಯುತ್ತಾರೆ, ದೀಕ್ಷಾಸ್ನಾನದ ನೆನಪಿನ ಬಿಳಿ ವಸ್ತ್ರ ಹೊದಿಸುತ್ತಾರೆ. ಪೂಜೆ ಮುಗಿದು ಪೆಟ್ಟಿಗೆ ಹೊರಗೆ ಬಂದ ಮೇಲೆ ಧ್ವಜ ಮತ್ತೆ ಅದರ ಮೇಲೆ ಬರುತ್ತದೆ. ಸೇನಾಪತಿಯಾಗಲಿ, ಸಿಪಾಯಿಯಾಗಲಿ, ಧ್ವಜದ ಹಕ್ಕೇ ಇಲ್ಲದ ಕೂಲಿಯಾಗಲಿ, ಒಳಗೆ ಎಲ್ಲರಿಗೂ ಒಂದೇ ಬಟ್ಟೆ. ಸತ್ತವನ ಸೇವೆಗೆ ಸಲ್ಲುವ ಗೌರವ ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ಅದಕ್ಕೊಂದು ಜಾಗ ಗೊತ್ತಾಗುತ್ತದೆ, ಅಷ್ಟೇ. ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ವಿವೇಕದ್ದಾಗಿ ಕಂಡ ವಿಧಿ ಇದು.

ಬಾವುಟವೇ ಬೋಧಿಸತೊಡಗಿದಾಗ

1914ರ ಅಕ್ಟೋಬರಿನಲ್ಲಿ ಜರ್ಮನಿಯ 93 ಮಂದಿ ಪಂಡಿತರು, ಕಲಾವಿದರು ತಮ್ಮ ಚಕ್ರವರ್ತಿ ಕೈಸರನ ಯುದ್ಧವನ್ನು ಸಮರ್ಥಿಸಿ ಪ್ರಕಟಣೆ ಹೊರಡಿಸಿದರು. ಸಹಿ ಹಾಕಿದವರಲ್ಲಿ ದೇವಶಾಸ್ತ್ರದ ಘನ ಪ್ರಾಧ್ಯಾಪಕರೂ ಇದ್ದರು. ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಕೈಗಾರಿಕಾ ಊರಿನಲ್ಲಿ ಪಾದ್ರಿಯಾಗಿದ್ದ ಕಾರ್ಲ್ ಬಾರ್ತ್ ಆ ಪಟ್ಟಿಯಲ್ಲಿ ತನ್ನ ಗುರುಗಳ ಹೆಸರು ಕಂಡು ಕಂಗಾಲಾದ. ಅವರ ದೇವಶಾಸ್ತ್ರದಲ್ಲೇ ಏನೋ ಕೊಳೆತಿರಬೇಕು ಎಂದು ಅವನಿಗೆ ಅನ್ನಿಸಿತು. ಇಂಗ್ಲೆಂಡಿನ ಕಡೆ ಎಲ್ಲ ಸರಿಯಿತ್ತೆಂದಲ್ಲ; ಲಂಡನ್ನಿನ ಬಿಷಪ್ಪರೇ ಜರ್ಮನರನ್ನು ಕೊಲ್ಲುವುದನ್ನು ಪವಿತ್ರ ಕರ್ತವ್ಯವೆಂಬಂತೆ ಬೋಧಿಸಿದ್ದರು. ಒಂದೇ ದೇವರಿಗೆ ಎರಡು ಕಡೆಯಿಂದ ವಿರುದ್ಧ ಅರ್ಜಿಗಳು.

ಇಪ್ಪತ್ತು ವರ್ಷಗಳ ನಂತರ ಬಾರ್ತ್ ಜರ್ಮನಿಯಲ್ಲಿ ಪ್ರಾಧ್ಯಾಪಕ. ಹಿಟ್ಲರ್ ಅಧಿಕಾರಕ್ಕೆ ಬಂದಿದ್ದ. ‘ಜರ್ಮನ್ ಕ್ರೈಸ್ತರು’ ಎಂದು ಕರೆದುಕೊಂಡ ಗುಂಪು ಸ್ವಸ್ತಿಕದ ಬಾವುಟಗಳನ್ನು ಚರ್ಚಿನೊಳಗೆ ತಂದಿತ್ತು, ಯೆಹೂದಿ ಮೂಲದ ಪಾದ್ರಿಗಳನ್ನು ತೆಗೆಯಬೇಕೆಂದು ಒತ್ತಾಯಿಸುತ್ತಿತ್ತು. ಬರ್ಲಿನ್ನಿನ ಮರಿಯನ್‌ಡೋರ್ಫ್‌ನಲ್ಲಿ ಆ ವರ್ಷಗಳಲ್ಲಿ ಕಟ್ಟಿದ ಲೂಥರ್ ಸ್ಮಾರಕ ಚರ್ಚಿನ ಪ್ರಸಂಗಪೀಠದಲ್ಲಿ ಕ್ರಿಸ್ತನ ಸುತ್ತ ಉಕ್ಕಿನ ಟೊಪ್ಪಿಗೆಯ ಸೈನಿಕನ ಕೆತ್ತನೆಯೂ ಇದೆ. ಇದನ್ನು ವಿರೋಧಿಸಿದ ಸಭೆಗಳ ಪ್ರತಿನಿಧಿಗಳು 1934ರ ಮೇ 29ರಿಂದ 31ರವರೆಗೆ ಬಾರ್ಮನ್ ಊರಿನಲ್ಲಿ ಸೇರಿ ಒಂದು ಘೋಷಣೆಯನ್ನು ಒಪ್ಪಿಕೊಂಡರು. ಅದರ ಬಹುಭಾಗ ಬರೆದವನು ಬಾರ್ತ್. ಚರ್ಚು ಕೇಳಬೇಕಾದದ್ದು ಒಂದೇ ದನಿಯನ್ನು, ಅದು ಕ್ರಿಸ್ತನದು. ಚರಿತ್ರೆಯ ಘಟನೆಗಳನ್ನೋ ಬೇರೆ ಶಕ್ತಿಗಳನ್ನೋ ದೇವರ ಇನ್ನೊಂದು ಪ್ರಕಟಣೆಯೆಂದು ಅದು ಬೋಧಿಸಲಾರದು ಎಂಬುದು ಅದರ ಮೊದಲ ಮಾತು. ಹಿಟ್ಲರನಿಗೆ ಷರತ್ತಿಲ್ಲದ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಬಾರ್ತ್ ಕೆಲಸ ಕಳೆದುಕೊಂಡು 1935ರಲ್ಲಿ ಸ್ವದೇಶಕ್ಕೆ ಮರಳಿದ. ಬಾರ್ಮನ್ ಘೋಷಣೆಯ ದೋಷವನ್ನೂ ಹೇಳಿಬಿಡಬೇಕು: ಚರ್ಚಿನ ಸ್ವಾತಂತ್ರ್ಯದ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡಿದ ಆ ಪುಟಗಳು ಯೆಹೂದಿಗಳ ಮೇಲಿನ ಹಿಂಸೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ಬಾರ್ತ್ ಕೂಡ ಮುಂದೆ ಇದನ್ನು ತನ್ನ ತಪ್ಪೆಂದು ಒಪ್ಪಿಕೊಂಡ.

ಇದು ಮುಗಿದ ಅಧ್ಯಾಯವಲ್ಲ. ಮಾಸ್ಕೋ ಹತ್ತಿರದ ಕುಬಿಂಕಾದಲ್ಲಿ 2020ರ ಜೂನಿನಲ್ಲಿ ಪ್ರತಿಷ್ಠೆಯಾದ ರಷ್ಯಾ ಸೇನಾಪಡೆಗಳ ಕೆಥೆಡ್ರಲ್ಲಿನ ಮೆಟ್ಟಿಲುಗಳಿಗೆ ನಾಜಿಗಳಿಂದ ವಶಪಡಿಸಿಕೊಂಡ ಆಯುಧಗಳ ಲೋಹವನ್ನು ಕರಗಿಸಿ ಬಳಸಿದ್ದಾರೆ. ಮುಖ್ಯ ಗುಮ್ಮಟದ ಬುಡದ ವ್ಯಾಸ 19.45 ಮೀಟರ್, ಏಕೆಂದರೆ ಯುದ್ಧ ಗೆದ್ದದ್ದು 1945ರಲ್ಲಿ. ಉಕ್ರೇನ್ ಯುದ್ಧ ಶುರುವಾದ ವರ್ಷದ ಸೆಪ್ಟೆಂಬರಿನಲ್ಲಿ ರಷ್ಯಾದ ಆರ್ಥಡಾಕ್ಸ್ ಚರ್ಚಿನ ಮುಖ್ಯಸ್ಥ ಪೇಟ್ರಿಯಾರ್ಕ್ ಕಿರಿಲ್, ಕರ್ತವ್ಯ ಮಾಡುತ್ತ ಸಾಯುವ ಸೈನಿಕನ ಪಾಪಗಳೆಲ್ಲ ತೊಳೆದುಹೋಗುತ್ತವೆಂದು ಬೋಧಿಸಿದರು. ಅದೇ ಹೊತ್ತಿಗೆ ಪ್ರತಿ ಪೂಜೆಯಲ್ಲೂ ಓದಬೇಕಾದ ಹೊಸ ಪ್ರಾರ್ಥನೆಯೊಂದು ಬಂತು, ಅದರಲ್ಲಿ ದೇವರಿಂದ ವಿಜಯವನ್ನು ಬೇಡುವ ಸಾಲಿತ್ತು. ಮಾಸ್ಕೋದ ಒಬ್ಬ ಪಾದ್ರಿ ‘ವಿಜಯ’ ಎಂಬಲ್ಲಿ ‘ಶಾಂತಿ’ ಎಂದು ಓದಿದರು. 2023ರಲ್ಲಿ ಚರ್ಚಿನ ನ್ಯಾಯಾಲಯ ಅವರ ಪಾದ್ರಿ ಪದವಿಯನ್ನೇ ಕಿತ್ತುಕೊಂಡಿತು. ಪ್ಲಿನಿ ಕೇಳಿದ ಧೂಪಕ್ಕೂ ಇದಕ್ಕೂ ಎಷ್ಟು ದೂರ?

ಗೆದ್ದವರ ಚರ್ಚಿನಲ್ಲಿ ಸೋತವರ ಹೆಸರು

ಇದಕ್ಕೆ ಪ್ರತಿಯಾದ ಉದಾಹರಣೆ 1982ರದು. ಏಪ್ರಿಲ್ 2ರಂದು ಅರ್ಜೆಂಟೀನಾ ಫಾಕ್‌ಲ್ಯಾಂಡ್ ದ್ವೀಪಗಳನ್ನು ಹಿಡಿಯಿತು, ಜೂನ್ 14ಕ್ಕೆ ಬ್ರಿಟನ್ ಮರಳಿ ಗೆದ್ದಿತು. ಬ್ರಿಟನ್ನಿನ ಕಡೆ 255 ಮಂದಿ, ಅರ್ಜೆಂಟೀನಾದ ಕಡೆ 649 ಮಂದಿ ಸತ್ತಿದ್ದರು. ಜುಲೈ 26ರಂದು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನಲ್ಲಿ ಆರಾಧನೆ ಏರ್ಪಟ್ಟಿತು. ರಾಣಿ, ಪ್ರಧಾನಿ ಥ್ಯಾಚರ್, ಸೇನಾಧಿಕಾರಿಗಳು, ಸತ್ತವರ ಮನೆಯವರು ಎಲ್ಲರೂ ಬಂದಿದ್ದರು. ವಿಜಯೋತ್ಸವದ ಆರಾಧನೆಯಾಗಬೇಕೆಂದು ಕೆಲವರ ಆಸೆ. ಪ್ರಸಂಗ ಮಾಡಬೇಕಿದ್ದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ.

ರನ್ಸಿ ಯುದ್ಧ ನೋಡದ ಮೆತ್ತನೆಯ ಪಾದ್ರಿಯಾಗಿದ್ದರೆ ಅವರ ಮಾತನ್ನು ಪಕ್ಕಕ್ಕೆ ಸರಿಸಬಹುದಿತ್ತು. ಎರಡನೇ ಮಹಾಯುದ್ಧದಲ್ಲಿ ಸ್ಕಾಟ್ಸ್ ಗಾರ್ಡ್ಸ್ ದಳದಲ್ಲಿ ಟ್ಯಾಂಕುಗಳನ್ನು ನಡೆಸಿ ಮಿಲಿಟರಿ ಕ್ರಾಸ್ ಪದಕ ಪಡೆದವರು ಅವರು. ಅದೇ ದಳದ ಸೈನಿಕರು ಒಂದೂವರೆ ತಿಂಗಳ ಹಿಂದೆ ಫಾಕ್‌ಲ್ಯಾಂಡಿನ ಟಂಬಲ್‌ಡೌನ್ ಗುಡ್ಡದಲ್ಲಿ ರಾತ್ರಿಯಿಡೀ ಕಾದಾಡಿದ್ದರು. ರನ್ಸಿ ಸೈನಿಕರ ಧೈರ್ಯಕ್ಕೆ ಕೃತಜ್ಞತೆ ಹೇಳಿದರು, ಅದರಲ್ಲಿ ಜಿಪುಣತನ ಮಾಡಲಿಲ್ಲ. ಜೊತೆಗೇ ಯುದ್ಧವೆಂಬುದು ಮನುಷ್ಯರ ಸೋಲಿನ ಗುರುತೆಂದರು. ಮನೆಯಲ್ಲಿ ಕೂತು ಕೂಗುವವರು ರಣರಂಗದಲ್ಲಿದ್ದವರಿಗಿಂತ ಉಗ್ರರಾಗಿರುತ್ತಾರೆಂದೂ ಹೇಳಿದರು. ಎರಡೂ ಕಡೆ ಜನ ಅಳುತ್ತಿದ್ದಾರೆ, ನಮ್ಮ ಮನೆಗಳವರ ಜೊತೆಗೆ ಸತ್ತ ಅರ್ಜೆಂಟೀನಾದ ಹುಡುಗರ ಮನೆಯವರನ್ನೂ ಪ್ರಾರ್ಥನೆಯಲ್ಲಿ ನೆನೆಯೋಣ ಎಂದರು. ಥ್ಯಾಚರ್‌ಗೆ ಇದು ಹಿಡಿಸಲಿಲ್ಲವೆಂದು ಪತ್ರಿಕೆಗಳು ಬರೆದವು. ಅವರ ಪಕ್ಷದ ಕೆಲವು ಸಂಸದರು ಬಹಿರಂಗವಾಗಿಯೇ ಸಿಡಿಮಿಡಿಗೊಂಡರು.

ಯುದ್ಧ ನಡೆಯುತ್ತಿದ್ದಾಗಲೇ ಪೋಪ್ ಎರಡನೇ ಜಾನ್ ಪಾಲ್ ಮೇ ಕೊನೆಯಲ್ಲಿ ಬ್ರಿಟನ್ನಿಗೆ ಬಂದಿದ್ದರು. ಮೊದಲೇ ಗೊತ್ತಾಗಿದ್ದ ಭೇಟಿ. ಒಂದೇ ಕಡೆಗೆ ಹೋದರೆ ತಪ್ಪು ಅರ್ಥ ಬರುತ್ತದೆಂದು ಜೂನ್ 11ಕ್ಕೆ ಅರ್ಜೆಂಟೀನಾಕ್ಕೂ ಹೋಗಿ ಪೂಜೆ ಅರ್ಪಿಸಿದರು. ಎರಡೂ ದೇಶದ ಕಥೋಲಿಕರ ಬಾಯಲ್ಲಿ ಅದೇ ಪೂಜೆಯ ಅದೇ ಮಾತುಗಳು.

ದೇಶಕ್ಕಾಗಿ ಮಾಡುವ ಪ್ರಾರ್ಥನೆ ಎಲ್ಲಿ ದಾರಿ ತಪ್ಪುತ್ತದೆಂದು ತಿಳಿಯಲು ನನಗೆ ಈ ಘಟನೆಯಲ್ಲೇ ಒಂದು ಅಳತೆ ಸಿಗುತ್ತದೆ. ಎದುರು ದೇಶದ ಕ್ರೈಸ್ತನೊಬ್ಬ ನಮ್ಮ ಸಾಲಿನಲ್ಲೇ ಕೂತಿದ್ದರೆ, ನಮ್ಮ ಪ್ರಾರ್ಥನೆಗೆ ಅವನು ಆಮೆನ್ ಹೇಳಬಲ್ಲನೇ? ಸೈನಿಕರ ಕ್ಷೇಮ, ಆಳುವವರಿಗೆ ವಿವೇಕ, ಸತ್ತವರ ಮನೆಗಳಿಗೆ ಸಾಂತ್ವನ, ಇದಕ್ಕೆಲ್ಲ ಹೇಳಬಲ್ಲ. ಅವನ ಊರಿನ ಮೇಲೆ ಬಾಂಬು ಗುರಿ ತಪ್ಪದಿರಲಿ ಎಂಬುದಕ್ಕೆ ಹೇಳಲಾರ.

ನಾಡು ಬೇರೆ, ಸರಕಾರ ಬೇರೆ

ಇಲ್ಲಿಯವರೆಗಿನ ಮಾತು ಹೆಚ್ಚಾಗಿ ಕ್ರೈಸ್ತರೇ ಬಹುಸಂಖ್ಯಾತರಾಗಿರುವ ದೇಶಗಳದ್ದು. ಅಲ್ಲಿ ಚರ್ಚಿಗಿರುವ ಆಮಿಷ ಅಧಿಕಾರದ ಪಕ್ಕ ಕೂರುವುದು. ಭಾರತದಲ್ಲಿ ಕ್ರೈಸ್ತರು ಜನಸಂಖ್ಯೆಯ ಶೇಕಡಾ 2.3 (2011ರ ಜನಗಣತಿ). ಇಲ್ಲಿಯ ಪ್ರಶ್ನೆ ತಿರುವುಮುರುವು: ನೀವು ನಿಜವಾಗಿ ಇಲ್ಲಿಯವರೇ, ತೋರಿಸಿ. ಹಾಗಾಗಿ 1918ರ ಅಯೋವಾದ ಜರ್ಮನ್ ಸಭೆಗಳ ಕಥೆ ನಮಗೆ ಹತ್ತಿರದ್ದು. ಅಮೆರಿಕದ ಕ್ರೈಸ್ತ ಚಿಂತಕರು ‘ಬಾವುಟವನ್ನು ಹೊರಗೆ ಇಡಿ’ ಎನ್ನುವ ಧೈರ್ಯವನ್ನು ಹಾಗೆಯೇ ಎತ್ತಿ ತಂದು ಇಲ್ಲಿಯ ಹಳ್ಳಿಯ ಸಭಾಪಾಲಕರಿಗೆ ಬೋಧಿಸುವುದು ನ್ಯಾಯವಲ್ಲ. ಅಲ್ಲಿ ಹಾಗೆ ಅಂದವರಿಗೆ ದೇಶ ತಮ್ಮದೇ ಎಂಬ ನಂಬಿಕೆ ಮೊದಲೇ ಇರುತ್ತದೆ.

ಈ ಒತ್ತಡದಲ್ಲಿ ಒಂದು ವಿಷಯ ಕಲಸಿಹೋಗುತ್ತದೆ. ನಾಡಿನ ನುಡಿ, ರಾಗ, ಬಣ್ಣ, ದೀಪಗಳು ಆರಾಧನೆಗೆ ಬರುವುದು ದೇಶಭಕ್ತಿಯ ಪ್ರದರ್ಶನವಲ್ಲ. 1960ರ ದಶಕದಲ್ಲಿ ಕಥೋಲಿಕ ಧರ್ಮಾಧ್ಯಕ್ಷರು ರೋಮಿನಲ್ಲಿ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಜನರ ಭಾಷೆಗೆ ಬಂತು. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಕೇಂದ್ರವೊಂದು ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಭಾರತೀಯ ರೀತಿಯ ಆರಾಧನೆಯನ್ನು ರೂಪಿಸತೊಡಗಿತು. 1969ರಲ್ಲಿ ರೋಮ್ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತು: ನೆಲದ ಮೇಲೆ ಕೂರುವುದು, ಪಾದರಕ್ಷೆ ಬಿಡುವುದು, ಕೈಮುಗಿಯುವುದು, ಆರತಿ, ಎಣ್ಣೆ ದೀಪ. ಇವು ಯಾವ ಸರಕಾರದ ಗುರುತೂ ಅಲ್ಲ. ಸರಕಾರ ಬಿದ್ದರೂ ದೀಪ ಉರಿಯುತ್ತದೆ. ಹಾಗೆಂದು ನಾಡಿನ ಅಭಿಮಾನ ಯಾವಾಗಲೂ ಸೌಮ್ಯವಾಗಿರುತ್ತದೆ ಎಂದೂ ಅಲ್ಲ. ಬೆಂಗಳೂರಿನ ಕಥೋಲಿಕ ಚರ್ಚುಗಳಲ್ಲಿ ಪೂಜೆ ಯಾವ ಭಾಷೆಯಲ್ಲಿ ಆಗಬೇಕೆಂಬ ಜಗಳ ದಶಕಗಳಷ್ಟು ಹಳೆಯದು, ಅದರಲ್ಲಿ ಗಾಯಗೊಂಡವರು ಎಲ್ಲ ಕಡೆಯೂ ಇದ್ದಾರೆ.

ಪ್ರಜೆಯ ನಿಷ್ಠೆಗೂ ಆರಾಧನೆಗೂ ನಡುವಿನ ಗೆರೆಯನ್ನು ನಮ್ಮ ಸುಪ್ರೀಂ ಕೋರ್ಟು ಒಮ್ಮೆ ಮುಟ್ಟಿದೆ. ಕೇರಳದ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಬಿಜೋ ಇಮ್ಯಾನುಯೆಲ್ ಮೊಕದ್ದಮೆಯೆಂದು ಹೆಸರಾದ ಇದರಲ್ಲಿ 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಮಕ್ಕಳ ಪರವಾಗಿ ತೀರ್ಪು ಕೊಟ್ಟರು. ಎದ್ದು ನಿಂತದ್ದೇ ಗೌರವ, ಹಾಡದಿರುವುದು ಅವಮಾನವಲ್ಲ ಎಂದು ಕೋರ್ಟು ಕಂಡುಕೊಂಡಿತು. ಇಲ್ಲಿಯ ಬಹುಪಾಲು ಕ್ರೈಸ್ತರು ಈ ಪಂಥದ ನಿಲುವನ್ನು ಒಪ್ಪುವುದಿಲ್ಲ, ಜನಗಣಮನವನ್ನು ಸಂತೋಷದಿಂದಲೇ ಹಾಡುತ್ತಾರೆ. ಆದರೂ ಹಾಡುವವರ ಹಾಡಿಗೆ ಬೆಲೆ ಬರುವುದು, ಹಾಡಲಾರದವನನ್ನು ದೂಡದಿದ್ದಾಗಲೇ.

ಹಾಗಾದರೆ ಆಗಸ್ಟ್ 15ರ ಬೆಳಗ್ಗೆ ಏನು ಮಾಡಬೇಕು? ಈಗಿರುವ ವ್ಯವಸ್ಥೆಯೇ ಒಳ್ಳೆಯದೆಂದು ನನಗನ್ನಿಸುತ್ತದೆ: ಪೂಜೆ ಪೂಜೆಯಾಗಿರಲಿ, ಬಾವುಟ ಅಂಗಳದಲ್ಲಿ ಪೂರ್ಣ ಮರ್ಯಾದೆಯಿಂದ ಏರಲಿ. ಬಲಿಪೀಠಕ್ಕೆ ತ್ರಿವರ್ಣದ ಬಟ್ಟೆ ಹೊದಿಸುವ ಉತ್ಸಾಹ ಬೇಡ. ದೇಶ ಒಳಗೆ ಬರಬೇಕಾದ ಜಾಗ ವಿಶ್ವಾಸಿಗಳ ಪ್ರಾರ್ಥನೆ, ಅಂದರೆ ಪೂಜೆಯ ನಡುವೆ ಸಭೆಯೆಲ್ಲ ಇತರರಿಗಾಗಿ ಬೇಡಿಕೊಳ್ಳುವ ಹೊತ್ತು. ಆಳುವವರಿಗಾಗಿ, ಸೈನಿಕರಿಗಾಗಿ, ವಿಚಾರಣೆಯಿಲ್ಲದೆ ಜೈಲಿನಲ್ಲಿರುವವರಿಗಾಗಿ, ಮಲಗುಂಡಿಗಿಳಿದು ಸಾಯುವವರಿಗಾಗಿ, ಮಣಿಪುರದಲ್ಲಿ ಮನೆ ಕಳೆದುಕೊಂಡ ಎಲ್ಲ ಸಮುದಾಯದವರಿಗಾಗಿ. ದೇಶವನ್ನು ಹೊಗಳುವ ಹಾಡಿಗಿಂತ ಇಂಥ ಪಟ್ಟಿಯಲ್ಲಿ ದೇಶ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತದೆ.

ಪಟ್ಟಿಗೆ ಇನ್ನೊಂದು ಸಾಲು ಸೇರಿಸಬಹುದು. ಹಿಂದಿನ ದಿನ, ಆಗಸ್ಟ್ 14, ಪಾಕಿಸ್ತಾನದ ಸ್ವಾತಂತ್ರ್ಯ ದಿನ. ಲಾಹೋರಿನ, ಕರಾಚಿಯ ಚರ್ಚುಗಳಲ್ಲೂ ತಮ್ಮ ದೇಶಕ್ಕಾಗಿ ಪ್ರಾರ್ಥನೆ ನಡೆಯುತ್ತದೆ, ಅಲ್ಲಿಯೂ ಕ್ರೈಸ್ತರು ತಾವು ಆ ನೆಲದವರೇ ಎಂದು ತೋರಿಸಬೇಕಾದ ಅಲ್ಪಸಂಖ್ಯಾತರು. ರನ್ಸಿಯವರ ಅಳತೆಯ ಪ್ರಕಾರ ನಮ್ಮ ಪೂಜೆಯಲ್ಲಿ ಅವರ ಹೆಸರು ಬರಬೇಕು. ಅದನ್ನು ಗಟ್ಟಿಯಾಗಿ ಓದಿದರೆ ಮೂರನೇ ಸಾಲಿನಲ್ಲಿ ಯಾರದೋ ಫೋನು ಮೇಲೇಳುತ್ತದೆ, ಮಧ್ಯಾಹ್ನದೊಳಗೆ ಹತ್ತು ಸೆಕೆಂಡಿನ ತುಣುಕು ಊರೆಲ್ಲ ಸುತ್ತುತ್ತದೆ. ರನ್ಸಿಯವರ ಬೆನ್ನಿಗೆ ಯುದ್ಧದ ಪದಕವೂ ಸೇಂಟ್ ಪಾಲ್ಸ್‌ನ ಗುಮ್ಮಟವೂ ಇದ್ದವು. ತಗಡಿನ ಸೂರಿನ ಸಭೆಯಲ್ಲಿ ನಿಂತು ಆ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವ ಪಾದ್ರಿಯನ್ನು ಹೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.